ತೆಗೆಯುವುದೋ, ಕೀಳುವುದೋ

ಕಿಟಕಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಅವರ ಕಸುಬು ಮನೆಗಳಿಗೆ ಕಿಟಕಿ ಕೂರಿಸುವುದು, ಗಾಜಿನ ಬಾಗಿಲು ನಿಲ್ಲಿಸುವುದು, ಕೂತದ್ದು ನಿಂತದ್ದು ಕೆಟ್ಟರೆ ಹೋಗಿ ಸರಿಮಾಡುವುದು. ಆದರೆ ಒಂದು ಗಂಟೆ ಪಾಠ ಹೇಳದೆ ಅವರ ಜೇಬಿನಿಂದ ಅಳತೆ ಟೇಪು ಹೊರಗೆ ಬರುತ್ತಿರಲಿಲ್ಲ. ಅದಕ್ಕೇ ಬೀದಿಯವರು ಆ ಹೆಸರಿಟ್ಟಿದ್ದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಅಂತ ಮೇಷ್ಟ್ರು ಅಳೆಯಲು ಹೋಗಿರಲಿಲ್ಲ.

ಯಾರಾದರೂ ಕರೆದರೆ ಹೋಗಿ, ಕುರ್ಚಿ ಎಳೆದುಕೊಂಡು ಕೋಣೆಯ ನಟ್ಟನಡುವೆ ಕೂತುಬಿಡುವುದು ಅವರ ಪದ್ಧತಿ. ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿ ಯಾವ ಕಡೆಯಿಂದ ನುಗ್ಗುತ್ತದೆ, ಮಂಚ ಎಲ್ಲಿದೆ, ಎದುರುಮನೆಯವರ ಕಣ್ಣು ಎಲ್ಲಿಯವರೆಗೆ ತಲುಪುತ್ತದೆ, ಇದೆಲ್ಲ ನೋಡಬೇಕು. ಮನೆಯವರು ಕಾಫಿ ಕೊಟ್ಟು, ಲೋಟ ತೊಳೆದಿಟ್ಟು, ತಾಳ್ಮೆಗೆಟ್ಟು ‘ಏನಾಯ್ತು?’ ಅಂತ ಕೇಳಿದ ಮೇಲೆ ಪಾಠ ಶುರು.

‘ಸರಿಯೋ ಕಿಟಕಿ ಜಾಗ ಉಳಿಸುತ್ತೆ, ಆದರೆ ಅರ್ಧ ಗಾಳಿ ನುಂಗಿಬಿಡುತ್ತೆ. ನೀವು ಎಷ್ಟೇ ಸರಿಸಿ, ಒಂದು ಕಡೆ ಗಾಜು ಇದ್ದೇ ಇರುತ್ತೆ. ಕೀಲಿನ ಮೇಲೆ ತಿರುಗೋದು ಪೂರ್ತಿ ತೆರೆಯುತ್ತೆ, ಆದರೆ ಅದರ ಮುಂದೆ ನೀವು ಮೇಜು ಇಡೋ ಹಾಗಿಲ್ಲ. ಯಾವುದು ಬೇಕು ಅಂತ ನನ್ನ ಕೇಳಬೇಡಿ, ನಿಮ್ಮ ಮೇಜನ್ನ ಕೇಳಿ.’

ಒಮ್ಮೆ ಹೊಸದಾಗಿ ಮದುವೆಯಾದ ಜೋಡಿಯೊಂದು ನೆಲದಿಂದ ಛಾವಣಿಯವರೆಗೆ ಗಾಜಿನ ಬಾಗಿಲು ಬೇಕೇ ಬೇಕು ಅಂತ ಹಟ ಹಿಡಿಯಿತು. ಫೋನಿನಲ್ಲಿ ಚಿತ್ರ ನೋಡಿದ್ದರಂತೆ. ಮೇಷ್ಟ್ರು ಎಲ್ಲ ಕೇಳಿಸಿಕೊಂಡು, ‘ಒರೆಸೋರು ಯಾರು?’ ಅಂದರು. ಗಂಡ ಹೆಂಡತಿಯ ಕಡೆ ಕೈತೋರಿಸಿದ, ಹೆಂಡತಿ ಗಂಡನ ಕಡೆ. ಇಬ್ಬರ ಕೈಗಳೂ ಒಟ್ಟಿಗೇ ಮೇಲೆದ್ದಿದ್ದವು.

‘ಇದು ತೀರ್ಮಾನ ಆದಮೇಲೆ ಫೋನ್ ಮಾಡಿ’ ಅಂತ ಮೇಷ್ಟ್ರು ಎದ್ದು ಬಂದರು. ಎರಡು ವಾರ ಬಿಟ್ಟು ಫೋನ್ ಬಂತು. ಗಂಡನೇ ಒರೆಸುವುದಂತೆ. ಮೇಷ್ಟ್ರು ಗಾಜಿನ ಎದೆಮಟ್ಟಕ್ಕೆ ಒಂದು ಬಿಳಿ ಪಟ್ಟಿ ಅಂಟಿಸಿಕೊಟ್ಟರು. ‘ಚೆನ್ನಾಗಿ ಒರೆಸಿದ ಗಾಜು ಇಲ್ಲದ ಹಾಗೇ ಕಾಣುತ್ತೆ. ಇದೆ ಅಂತ ಮೊದಲು ಗೊತ್ತಾಗೋದು ಮೂಗಿಗೆ’ ಅಂದರು. ಹೊರಡುವಾಗ ಮೆಟ್ಟಿಲಿನಿಂದಲೇ ಇನ್ನಷ್ಟು ಹೇಳಿದರು: ಬಾಗಿಲು ಸರಿಯುವ ಕೆಳಗಿನ ಕಾಲುವೆಯಲ್ಲಿ ಧೂಳು ಕೂರಲು ಬಿಡಬೇಡಿ, ನೀರು ಹೋಗುವ ತೂತಿಗೆ ಕಡ್ಡಿ ಹಾಕಿ ನೋಡುತ್ತಿರಿ, ಬಾಗಿಲು ಬಿಗಿಯಾದರೆ ಒದೆಯಬೇಡಿ, ನನ್ನನ್ನು ಕರೆಯಿರಿ.

ಇಷ್ಟೆಲ್ಲ ಅರೆದು ಕುಡಿದವರಿಗೆ ಒಂದು ವಿಚಿತ್ರ ಚಾಳಿಯೂ ಇತ್ತು. ಯಾವ ಕೆಲಸ ಹೇಳಿದರೂ ಎರಡು ಸಲ ಕೇಳುತ್ತಿದ್ದರು. ‘ತೆಗೀರಿ ಅಂದ್ರಲ್ಲ, ತೆರೀಬೇಕೋ, ಕೀಳಬೇಕೋ?’ ‘ಹಾಕಿ ಅಂದ್ರಲ್ಲ, ಮುಚ್ಚಬೇಕೋ, ಕೂರಿಸಬೇಕೋ?’ ಗೊತ್ತಿಲ್ಲದವರು ಇವರಿಗೆ ಕಿವಿ ಮಂದ ಅಂದುಕೊಳ್ಳುತ್ತಿದ್ದರು. ಮಂದವಾಗಿದ್ದುದು ಕಿವಿಯಲ್ಲ, ನಮ್ಮ ಮಾತೇ ಹಾಗಿದೆ. ಬಾಗಿಲು ಹಾಕು ಅಂದರೆ ಮುಚ್ಚುವುದೂ ಹೌದು, ಹೊಸದು ಕೂರಿಸುವುದೂ ಹೌದು. ಬೇರೆ ಕಸುಬಿನವರು ಇದರಲ್ಲಿ ಹೇಗೋ ಬದುಕುತ್ತಾರೆ. ಮೇಷ್ಟ್ರು ಮಾತ್ರ ಎಡವಿದ್ದರು.

ಕಸುಬಿಗಿಳಿದ ಮೊದಲ ವರ್ಷ ಒಬ್ಬ ನರ್ಸಮ್ಮ ಮನೆಯ ಬೀಗದ ಕೈ ಕೊಟ್ಟು, ‘ಬಣ್ಣದ ವಾಸನೆ ತಲೆ ತಿನ್ನುತ್ತೆ, ಮುಂದಿನ ರೂಮಿನ ಕಿಟಕಿ ತೆಗೀರಿ’ ಅಂತ ಹೇಳಿ ಡ್ಯೂಟಿಗೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಕಿಟಕಿ, ಚೌಕಟ್ಟು ಸಮೇತ ಅಂಗಳದಲ್ಲಿ ಗೋಡೆಗೆ ಒರಗಿ ನಿಂತಿತ್ತು. ಗೋಡೆಯಲ್ಲಿ ಆಕಾಶ ಕಾಣುತ್ತಿತ್ತು. ನರ್ಸಮ್ಮನ ಬಾಯಿಂದ ಮಾತು ಹೊರಡುವ ಮೊದಲೇ ಮೇಷ್ಟ್ರು, ‘ವಾಸನೆ ಹೋಗಿದೆ ನೋಡಿ ಮೇಡಂ’ ಅಂದುಬಿಟ್ಟಿದ್ದರು. ಅಂದಿನಿಂದ ಎರಡು ಸಲ ಕೇಳುವುದು.

ಹೀಗೆ ಊರಿನವರ ಕಿಟಕಿಗೆಲ್ಲ ಆರೈಕೆ ಮಾಡಿದ ಮನುಷ್ಯನ ಮನೆಯಲ್ಲಿ ಆರು ವರ್ಷದಿಂದ ಒಂದು ಕಿಟಕಿ ತೆರೆದಿರಲಿಲ್ಲ.

ಮನೆ ಅಣ್ಣತಮ್ಮಂದಿರದು, ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡದ್ದು. ಗೋಡೆಯ ಆ ಕಡೆ ಅಣ್ಣ ಅತ್ತಿಗೆ, ಈ ಕಡೆ ಮೇಷ್ಟ್ರು ಮತ್ತು ಅವರ ಹೆಂಡತಿ. ಓರಗಿತ್ತಿಯರಿಬ್ಬರಿಗೂ ಮಾತಿಲ್ಲದೆ ಒಗ್ಗರಣೆ ಹತ್ತುವುದಿಲ್ಲ ಅಂತ ಎರಡು ಅಡುಗೆಮನೆಗಳ ನಡುವೆ ಮೇಷ್ಟ್ರೇ ಒಂದು ಮರದ ಚೌಕಟ್ಟಿನ ಗಾಜಿನ ಕಿಟಕಿ ಇಟ್ಟಿದ್ದರು. ಅತ್ತಿಗೆಯ ಕಡೆಗೆ ತೆರೆಯುವ ಒಂದೇ ರೆಕ್ಕೆ. ಅದರಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಸಕ್ಕರೆ, ಬೆಂಕಿಪೊಟ್ಟಣ, ಬೀದಿಯ ಸುದ್ದಿ ಎಲ್ಲ ಓಡಾಡುತ್ತಿದ್ದವು.

ಒಂದು ದಿನ ಹೆಂಡತಿ, ಎರವಲು ತಂದಿದ್ದ ದೊಡ್ಡ ಪಾತ್ರೆಯನ್ನು ಕಿಟಕಿಯಿಂದ ವಾಪಸು ಕೊಟ್ಟಳು. ಅತ್ತಿಗೆ ಅದನ್ನು ತಿರುಗಿಸಿ ನೋಡುತ್ತಾ, ‘ಇದು ಮೊದಲೇ ನೆಗ್ಗಿತ್ತೇನೇ?’ ಅಂದರು. ಸುಮ್ಮನೆ ಕೇಳಿದ ಮಾತು. ಕೇಳುತ್ತಲೇ ಪಾತ್ರೆ ಇಡಲು ತಿರುಗಿದರು. ಹೆಂಡತಿಯೂ ಉಕ್ಕುವ ಹಾಲಿನ ಕಡೆ ತಿರುಗಿದಳು. ಅಷ್ಟರಲ್ಲಿ ‘ಢಬ್’ ಅಂತ ಕಿಟಕಿ ಮುಚ್ಚಿಕೊಂಡಿತು.

‘ಕೇಳಿದ್ದಕ್ಕೆ ಮುಖಕ್ಕೆ ಹೊಡೆದ ಹಾಗೆ ಹಾಕಿದಳು’ ಅಂತ ಅತ್ತಿಗೆ. ‘ಪಾತ್ರೆ ನೆಗ್ಗಿಸಿದ್ದೀಯ ಅಂತ ಹಂಗಿಸಿ, ಮೇಲಿಂದ ಕಿಟಕಿ ಬೇರೆ ಹಾಕಿದರು’ ಅಂತ ಹೆಂಡತಿ. ಹಾಕಿದವರೇ ತೆಗೆಯಲಿ ಅಂತ ಇಬ್ಬರೂ ಕಾದರು. ಒಂದು ದಿನ ಕಾದರು, ಒಂದು ವಾರ ಕಾದರು. ಆಮೇಲೆ ಈ ಕಡೆ ಡಬ್ಬಿಗಳು ಬಂದು ಕೂತವು, ಆ ಕಡೆ ಅಂಚಿಗೆ ಬಣ್ಣ ಬಿದ್ದು ರೆಕ್ಕೆ ಚೌಕಟ್ಟಿಗೆ ಅಂಟಿತು. ಗಾಜು ಒಲೆಯ ಹೊಗೆ ಕುಡಿದು ಮಸುಕಾಯಿತು.

ನಿಜ ಗೊತ್ತಿದ್ದವರು ಒಬ್ಬರೇ, ಮೇಷ್ಟ್ರು. ತೆರೆದ ರೆಕ್ಕೆಯನ್ನು ಹಿಡಿದಿಡಲು ಕೆಳಗೆ ಒಂದು ಕೊಕ್ಕೆ ಇರುತ್ತದಲ್ಲ, ಅದು ಅಂದು ಅಲ್ಲಿರಲಿಲ್ಲ. ಹಿಂದಿನ ದಿನ ಗಿರಾಕಿಯೊಬ್ಬರ ಮನೆಗೆ ಒಂದು ಕೊಕ್ಕೆ ಕಡಿಮೆ ಬಿದ್ದಿತ್ತು. ಅವಸರಕ್ಕೆ ತಮ್ಮ ಮನೆಯದನ್ನೇ ಬಿಚ್ಚಿಕೊಂಡು ಹೋಗಿದ್ದರು, ನಾಳೆ ಹೊಸದು ಹಾಕಿದರಾಯಿತು ಅಂತ. ಹಿತ್ತಲ ಬಾಗಿಲಿನಿಂದ ಬಂದ ಗಾಳಿ ನಾಳೆಯವರೆಗೆ ಕಾಯಲಿಲ್ಲ. ಸಂಜೆ ಮನೆಗೆ ಬಂದು ಜಗಳದ ಸುದ್ದಿ ಕೇಳಿದಾಗಲೇ ಹೇಳಿಬಿಡಬಹುದಿತ್ತು. ಆದರೆ ‘ಕಿಟಕಿ ಮೇಷ್ಟ್ರ ಮನೆಯ ಕಿಟಕಿಗೇ ಕೊಕ್ಕೆ ಇರಲಿಲ್ಲವಂತೆ’ ಅಂತ ಬೀದಿಯೆಲ್ಲ ನಗುತ್ತದೆ ಅಂತ ಬಾಯಿಗೆ ಬೀಗ ಹಾಕಿಕೊಂಡರು. ನಾಲ್ಕು ದಿನದಲ್ಲಿ ತಣ್ಣಗಾಗುತ್ತದೆ ಅಂದುಕೊಂಡಿದ್ದರು. ನಾಲ್ಕು ದಿನ ಆರು ವರ್ಷವಾಯಿತು. ಮರ್ಯಾದೆಗೆ ಅಂಜಿ ಸುಮ್ಮನಿರುವುದು ದಿನದಿನಕ್ಕೆ ಸುಲಭವಾಗುತ್ತದೆ, ಬಾಯಿ ಬಿಡುವುದು ದಿನದಿನಕ್ಕೆ ಕಷ್ಟವಾಗುತ್ತದೆ.

ಹೀಗಿರುವಾಗ ಅತ್ತಿಗೆ ಒಂದು ಬೆಳಿಗ್ಗೆ ಬೀಗದ ಕೈ ಹಿಡಿದು ಅಂಗಳಕ್ಕೆ ಬಂದರು. ಗಂಡಹೆಂಡಿರು ನಾಲ್ಕು ದಿನ ಮಗಳ ಮನೆಗೆ ಹೊರಟಿದ್ದರು.

‘ಆ ನಡುವಿನ ಕಿಟಕಿ ಇದೆಯಲ್ಲ, ಅದನ್ನ ತೆಗೆದುಬಿಡು ಕಣೋ. ನಾನು ಬರೋದ್ರೊಳಗೆ ಆಗಿರಲಿ.’

ಮೇಷ್ಟ್ರ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅತ್ತಿಗೆ ಅಲ್ಲೊಂದು ಕಪಾಟು ಇಡಿಸಬೇಕು ಅಂತ ಅಣ್ಣನ ಹತ್ತಿರ ಮಾತಾಡಿದ್ದು ಕಿವಿಗೆ ಬಿದ್ದಿತ್ತು. ಅವರು ಹೇಳಿದ್ದು ಕೀಳುವುದಕ್ಕೇ ಅಂತ ರೂಪಾಯಿಗೆ ಹದಿನೈದಾಣೆ ಗೊತ್ತಿತ್ತು. ಉಳಿದ ಒಂದಾಣೆಯನ್ನು ಮೇಷ್ಟ್ರು ಗಟ್ಟಿಯಾಗಿ ಹಿಡಿದುಕೊಂಡರು. ತೆರೆದ ಬಾಯನ್ನು ಹಾಗೇ ಮುಚ್ಚಿ, ‘ಆಗಲಿ ಅತ್ತಿಗೆ’ ಅಂದರು.

ಅಂದಿನ ಕೆಲಸವನ್ನೆಲ್ಲ ಮುಂದೂಡಿ ಅತ್ತಿಗೆಯ ಅಡುಗೆಮನೆಯಲ್ಲಿ ಕೂತರು. ಚೂಪು ಚಾಕುವಿನಿಂದ ಬಣ್ಣದ ಅಂಟು ಸೀಳಿದರು. ತುಕ್ಕು ಹಿಡಿದ ಕೀಲಿಗೆ ಎಣ್ಣೆ ಬಿಟ್ಟು ಕಾದರು. ಉಬ್ಬಿದ ಅಂಚನ್ನು ಉಜ್ಜಿದರು. ಸೋಪಿನ ನೀರಿನಲ್ಲಿ ಗಾಜು ತೊಳೆದು ಒಣಬಟ್ಟೆಯಲ್ಲಿ ಒರೆಸಿದರು. ಕೊನೆಗೆ ಆರು ವರ್ಷದ ಹಿಂದೆ ಹಾಕಬೇಕಾಗಿದ್ದ ಕೊಕ್ಕೆಯನ್ನು, ಅಂಗಡಿಯಲ್ಲಿ ಸಿಕ್ಕಿದ್ದರಲ್ಲೆಲ್ಲ ಗಟ್ಟಿಯಾದದ್ದನ್ನು, ಹಾಕಿದರು.

ರೆಕ್ಕೆ ತೆರೆದಾಗ ಆ ಕಡೆ ಡಬ್ಬಿಗಳ ಸಾಲಿನ ಹಿಂದೆ ಹೆಂಡತಿಯ ಎರಡು ಕಣ್ಣು ಕಂಡವು.

‘ರೀ, ಯಾರು ಹೇಳಿದ್ದು ಇದನ್ನ?’

‘ಅತ್ತಿಗೆ.’

‘ಅಕ್ಕನೇ? ಅವರ ಬಾಯಿಂದಲೇ?’

‘ಅವರ ಬಾಯಿಂದಲೇ. ತೆಗೆದುಬಿಡು ಅಂದ್ರು.’

ಒಂದಕ್ಷರ ಸುಳ್ಳಿಲ್ಲ. ಆದರೆ ಹೆಂಡತಿ ಆಗಲೇ ಡಬ್ಬಿಗಳನ್ನು ಎತ್ತಿಡಲು ಶುರುಮಾಡಿದ್ದಳು. ಮುಂದಿನ ಮೂರು ದಿನ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಿಟಕಿಯ ಅಂಚನ್ನು ದಿನಕ್ಕೆರಡು ಸಲ ಒರೆಸಿದಳು. ‘ಮೊದಲು ಪ್ರಯಾಣ ಹೇಗಿತ್ತು ಅಂತ ಕೇಳಲಾ, ಮೊಮ್ಮಗು ಹೇಗಿದೆ ಅಂತಲಾ?’ ಅಂತ ಗಂಡನ ತಲೆ ತಿಂದಳು. ‘ಪಾಪ, ದೊಡ್ಡವರಾಗಿ ತಾವೇ ಸೋತರಲ್ಲ’ ಅಂತ ಕಣ್ಣೊರೆಸಿಕೊಂಡಳು. ಮೇಷ್ಟ್ರು ದಿನ ಎಣಿಸತೊಡಗಿದರು. ಅತ್ತಿಗೆ ಬಂದು ಒಂದೇ ಒಂದು ಮಾತಾಡಿದರೆ ಸಾಕು, ಈ ಖುಷಿಯೆಲ್ಲ ಮಣ್ಣುಪಾಲು. ಆಮೇಲೆ ಆ ಕಿಟಕಿ ಜನ್ಮದಲ್ಲಿ ತೆರೆಯುವುದಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಅಣ್ಣನನ್ನು ಜಗಲಿಯಲ್ಲೇ ಬಿಟ್ಟು ಅತ್ತಿಗೆ ಒಳಗೆ ಬಂದರು. ಮೇಷ್ಟ್ರು ಅವರ ಬ್ಯಾಗು ಹಿಡಿದು ಹಿಂದೆಯೇ ಅಡುಗೆಮನೆಯವರೆಗೆ ಹೋದರು. ಕಿಟಕಿ ಹಾರುಹೊಡೆದಿತ್ತು. ಆಚೆ ಹೆಂಡತಿ ಒಗೆದ ಸೀರೆ ಉಟ್ಟು ನಿಂತಿದ್ದಳು.

‘ಅಕ್ಕಾ, ಬಂದ್ರಾ? ಪಾಪು ಹೇಗಿದೆ?’

ಅತ್ತಿಗೆ ಅವಳ ಕಡೆ ನೋಡಲಿಲ್ಲ. ಮೈದುನನ ಕಡೆ ತಿರುಗಿದರು.

‘ಏನೋ ಇದು?’

‘ತೆಗಿ ಅಂದ್ರಿ. ತೆಗೆದೆ.’

‘ನಾನು ಹೇಳಿದ್ದು ಕಿತ್ತು ಗೋಡೆ ಮಾಡು ಅಂತ! ಊರಿಗೆಲ್ಲ ಎರಡೆರಡು ಸಲ ಕೇಳ್ತೀಯ, ನನಗೆ ಯಾಕೋ ಕೇಳಲಿಲ್ಲ?’

‘ಕೇಳಿದ್ರೆ ನೀವು ಹೇಳಿಬಿಡ್ತಿದ್ರಿ ಅತ್ತಿಗೆ.’

ಆಚೆ ಹೆಂಡತಿಯ ಮುಖ ಸುಣ್ಣದ ಹಾಗೆ ಬಿಳಚಿಕೊಂಡಿತು. ಅವಳು ಕೈ ಚಾಚಿ ಹೊಸ ಕೊಕ್ಕೆಯನ್ನು ಬಿಡಿಸಿದಳು, ರೆಕ್ಕೆ ಹಿಡಿದು ಎಳೆದಳು. ಈ ಸಲ ಹಾಕಿಕೊಂಡರೆ ಗಾಳಿಯ ಮೇಲೆ ಹೊರಿಸುವ ಹಾಗಿಲ್ಲ ಅಂತ ಮೇಷ್ಟ್ರಿಗೆ ಹೊಳೆದದ್ದೇ ತಡ, ಬ್ಯಾಗು ಬಿಟ್ಟು ಕೈ ತೂರಿಸಿದರು. ಕಿಟಕಿ ಮುಚ್ಚುವಾಗ ಬೆರಳು ಜೋಪಾನ ಅಂತ ಮೂವತ್ತು ವರ್ಷ ಜನರಿಗೆ ಹೇಳಿಕೊಂಡು ಬಂದವರ ಮೂರು ಬೆರಳು ಸಂದಿಯಲ್ಲಿ ಸಿಕ್ಕಿಕೊಂಡವು.

‘ಅಯ್ಯಯ್ಯೋ! ಯಾರೂ ಹಾಕಿಲ್ಲ! ಅವತ್ತು ಯಾರೂ ಹಾಕಿಲ್ಲ! ಗಾಳಿ ಹಾಕಿದ್ದು! ಕೊಕ್ಕೆ ನಾನು ಬಿಚ್ಕೊಂಡು ಹೋಗಿದ್ದೆ!’

ಹೆಂಡತಿ ಹಿಡಿದಿದ್ದ ರೆಕ್ಕೆಯನ್ನು ಬಿಟ್ಟುಬಿಟ್ಟಳು.

‘ಏನಂದೆ?’ ಅಂದರು ಅತ್ತಿಗೆ. ‘ಏನಂದ್ರಿ?’ ಅಂದಳು ಹೆಂಡತಿ. ಮೇಷ್ಟ್ರು ಬೆರಳು ಬಿಡಿಸಿಕೊಂಡು ಊದುತ್ತಾ ಎಲ್ಲವನ್ನೂ ಹೇಳಿದರು. ಗಿರಾಕಿಯ ಮನೆ, ಕಡಿಮೆ ಬಿದ್ದ ಕೊಕ್ಕೆ, ನಾಳೆ ಅಂದುಕೊಂಡದ್ದು, ಬೀದಿ ನಗುತ್ತದೆ ಅಂತ ಹೆದರಿದ್ದು. ‘ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ’ ಅಂತ ಇಬ್ಬರಿಗೂ ಕೈ ಮುಗಿದರು. ಮುಗಿಯಲು ಬೆರಳು ಸರಿಯಾಗಿ ಸೇರಲಿಲ್ಲ.

ಬೈಗುಳದ ಮಳೆ ಕಾಯುತ್ತಾ ತಲೆ ತಗ್ಗಿಸಿ ನಿಂತರು. ಆದರೆ ಇಬ್ಬರಿಗೂ ಅವರು ಅಲ್ಲಿರುವುದೇ ಮರೆತುಹೋಗಿತ್ತು.

‘ಹಾಗಾದ್ರೆ ನೀನು ಹಾಕ್ಲಿಲ್ವೇನೇ?’

‘ಇಲ್ಲ ಅಕ್ಕ. ನೀವೂ ಹಾಕ್ಲಿಲ್ವಾ?’

‘ದೇವರಾಣೆಗೂ ಇಲ್ಲ ಕಣೇ.’ ಅತ್ತಿಗೆ ಕಿಟಕಿಯ ಅಂಚು ಹಿಡಿದುಕೊಂಡರು. ‘ಮಗಳಿಗೆ ಹೆರಿಗೆ ಕಷ್ಟ ಆಗಿದೆ ಅಂತ ಫೋನ್ ಬಂತಲ್ಲ, ಆ ಮಧ್ಯಾಹ್ನ ಮನೇಲಿ ಒಬ್ಬಳೇ. ಇಲ್ಲೇ ಬಂದು ನಿಂತಿದ್ದೆ. ತಟ್ಟೋಣ ಅಂತ ಕೈ ಎತ್ತಿದ್ದೆ ಕಣೇ, ತಟ್ಟಲಿಲ್ಲ.’

‘ಗೊತ್ತು ಅಕ್ಕ. ಗಾಜಿನಲ್ಲಿ ನೆರಳು ಕಾಣ್ತಿತ್ತು. ನೀವು ಹೋಗೋವರೆಗೂ ನಾನೂ ಈ ಕಡೆ ನಿಂತೇ ಇದ್ದೆ.’

ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅಲ್ಲೇ ಕುಕ್ಕರಿಸಿ ಕೂತು, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ಬೆರಳು ನೋವಿಗೆ ಅಳುತ್ತಿದ್ದಾರೆ ಅಂತ ಓರಗಿತ್ತಿಯರಿಬ್ಬರೂ ಒಟ್ಟಿಗೇ ತಣ್ಣೀರು ತರಲು ಓಡಿದರು.