ಇಳಕಲ್ಲಿನಲ್ಲಿ ಹೀಟರ್ ಹಾಕುತ್ತಿದ್ದ ರಾಜೇಸಾಬ ಕಾಕಾ

ಇಳಕಲ್ಲಿನ ಮೇ ತಿಂಗಳ ಬಿಸಿಲಲ್ಲಿ ಕಾರಿನ ಕಿಟಕಿ ಏರಿಸಿ, ಹೀಟರ್ ಹಾಕಿಕೊಂಡು ಓಡಾಡುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ನಮ್ಮ ಪಕ್ಕದ ಮನೆಯ ರಾಜೇಸಾಬ ಕಾಕಾ ಹಾಗೆ ಓಡಾಡುತ್ತಿದ್ದ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಎಡಗಡೆ ಸೀಟಿನಲ್ಲಿ ಅವನ ಹೆಂಡತಿ ಹುಸೇನಬಿ ಕಾಕಿ ಶಾಲು ಹೊದ್ದು, ಎರಡೂ ಅಂಗೈ ಬಿಸಿಗಾಳಿಗೆ ಒಡ್ಡಿ ಕೂತಿರುತ್ತಿದ್ದಳು. ಈಗ ಇಬ್ಬರೂ ಇಲ್ಲ.

ಕಾಕಿಯ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಬಾಗಲಕೋಟೆಯಲ್ಲಿ ಡಯಾಲಿಸಿಸ್. ಮುಗಿಸಿ ಹೊರಬಂದರೆ ಮೈಯೆಲ್ಲ ನಡುಕ. ಪ್ರವಾಸಿಗರನ್ನು ಬಾದಾಮಿ, ಐಹೊಳೆ ಎಂದು ಸುತ್ತಿಸುತ್ತಿದ್ದ ಕಾಕಾ ಬಾಡಿಗೆ ಓಡಿಸುವುದನ್ನು ಬಿಟ್ಟು, ಆ ಹಳೆಯ ಕಾರನ್ನು ಅವಳೊಬ್ಬಳಿಗೇ ಮೀಸಲಿಟ್ಟ. ಓಣಿಯವರು ನಕ್ಕರೆ, "ಸೆಕಿ ಆದ್ರ ನನಗ ಆಗಲಿ. ಆಕಿಗೆ ಥಂಡಿ ಆಗಬಾರದು" ಎನ್ನುತ್ತಿದ್ದ.

ಒಮ್ಮೆ ಅವಸರದಲ್ಲಿ ರೇಡಿಯೇಟರಿಗೆ ಮನೆಯ ಬೋರಿನ ನೀರನ್ನೇ ಸುರಿದುಬಿಟ್ಟಿದ್ದ. ನಮ್ಮ ಬೋರಿನ ನೀರು ಗೊತ್ತಲ್ಲ, ಕಾಯಿಸಿದ ಪಾತ್ರೆಗೆಲ್ಲ ಬಿಳಿ ಹಕ್ಕಳೆ ಕಟ್ಟುತ್ತದೆ. ಕೆಲವು ತಿಂಗಳಲ್ಲಿ, ಅದೇ ನೀರು ಹರಿಯುವ ಹೀಟರಿನ ಸಣ್ಣ ಕೊಳವೆಗಳು ಕಟ್ಟಿಕೊಂಡು, ಅಮೀನಗಡದ ಹತ್ತಿರ ಬಿಸಿಗಾಳಿ ನಿಂತಿತು. ಕಾಕಾ ಅಂಗಿ ಬಿಚ್ಚಿ ಕಾಕಿಗೆ ಹೊದಿಸಿ, ಬನಿಯನ್ನಿನಲ್ಲೇ ಹುನಗುಂದ ದಾಟಿ ಬಂದ. "ನೋಡ ಶಾಂತವ್ವಾ, ನಿಮ್ಮ ಕಾಕಾ ಪೈಲ್ವಾನ ಆಗ್ಯಾನ" ಎಂದು ಮನೆ ಮುಂದೆ ಇಳಿದ ಕಾಕಿ ನನಗೆ ಹೇಳಿ ನಡುಗುತ್ತಲೇ ನಕ್ಕಳು. ಕಾಕಾ ನಗಲಿಲ್ಲ. ಅಂದು ಊಟವನ್ನೂ ಮಾಡಲಿಲ್ಲ.

ಅಲ್ಲಿಂದ ಮುಂದೆ ಕೆಲವು ತಿಂಗಳಿಗೊಮ್ಮೆ ನಮ್ಮ ಬೇವಿನ ಗಿಡದ ಕೆಳಗೆ ರೇಡಿಯೇಟರ್ ತೊಳೆಯುವ ಕೆಲಸ ತಪ್ಪುತ್ತಿರಲಿಲ್ಲ. ನಾನು ಹೊಲಿಗೆ ಮಷಿನ್ ಬಿಟ್ಟೆದ್ದು ಡ್ರೈವರ್ ಸೀಟಿನಲ್ಲಿ ಕೂರಬೇಕು. "ತಡಿಯವ್ವಾ, ಗಾಡಿ ಆರಲಿ. ಬಿಸಿ ಇದ್ದಾಗ ಮುಚ್ಚಳ ತಗದ್ರ ನೀರ ಸಿಡದು ಮಾರಿ ಸುಡತೈತಿ" ಎನ್ನುತ್ತಿದ್ದ ಕಾಕಾ. ಆರಿದ ಮೇಲೆ ಕೆಳಗಿನ ಪೈಪು ಬಿಚ್ಚಿದರೆ ಚಹಾದ ಬಣ್ಣದ ನೀರು ಬೀಳುತ್ತಿತ್ತು. ಹಕ್ಕಳೆ ಕಟ್ಟದ ಬ್ಯಾಟರಿ ನೀರು ತುಂಬಿ, ಹೀಟರ್ ಪೂರ್ತಿ ತೆರೆದು ಇಂಜಿನ್ ಓಡಿಸಿ, ಆರಿಸಿ, ಮತ್ತೆ ಆ ನೀರನ್ನು ಹೊರಚೆಲ್ಲುವುದು. ತಿಳಿನೀರು ಬರುವವರೆಗೆ ಬಿಡುತ್ತಿರಲಿಲ್ಲ. ಕೊನೆಗೆ ತುಕ್ಕು ತಡೆಯುವ ಹಸಿರು ಕೂಲಂಟ್ ತುಂಬಿ, ಮುಚ್ಚಳ ಹಾಕದೆ ನನ್ನಿಂದ ಇಂಜಿನ್ ಓಡಿಸುತ್ತಾ ಬಗ್ಗಿ ನೋಡುತ್ತಿದ್ದ. "ಗುಳ್ಳಿ ಬರಾಕತ್ತಾವ. ಒಳಗ ಇನ್ನಾ ಗಾಳಿ ಐತಿ."

ಗುಳ್ಳೆ ನಿಂತು ಮುಚ್ಚಳ ಬಿಗಿದ ಮೇಲೆ ಕಾಕಿಯನ್ನು ಕೈಹಿಡಿದು ತಂದು ಎಡಗಡೆ ಕೂರಿಸುತ್ತಿದ್ದ. "ಬಂತೇನ?" ಎಂದು ಕೇಳುತ್ತಿದ್ದ. "ಬಂತು, ಬಿಸಿ ಬಂತು" ಎಂದು ಅವಳು ಹೇಳಿದರೆ ಮಾತ್ರ ಬಾನೆಟ್ ಮುಚ್ಚುವುದು.

ಒಂದು ಚಳಿಗಾಲದಲ್ಲಿ ಕಾಕಿ ಬಾಗಲಕೋಟೆಯಲ್ಲೇ ತೀರಿಕೊಂಡಳು. ಅವಳನ್ನು ಆಂಬುಲೆನ್ಸಿನಲ್ಲಿ ತಂದರು. ಹಿಂದೆ ಕಾಕಾ ತನ್ನ ಕಾರಿನಲ್ಲಿ ಒಬ್ಬನೇ ಬಂದ.

ಬೇಸಿಗೆಗೆ ಮತ್ತೆ ನನ್ನನ್ನು ಕರೆದ. "ಇನ್ನ ಯಾಕ ಕಾಕಾ ಇದೆಲ್ಲಾ?" ಎಂದುಬಿಟ್ಟೆ. "ತುಕ್ಕ ಹಿಡೀತೈತಿ" ಎಂದಷ್ಟೇ ಹೇಳಿದ. ಎಲ್ಲ ಮೊದಲಿನಂತೆಯೇ ಮಾಡಿದ. ಮುಚ್ಚಳ ಬಿಗಿದವನೇ ರೂಢಿಯಂತೆ ಎಡಗಡೆಗೆ ನೋಡಿ "ಬಂತೇನ?" ಎಂದ. ನಾನು ಡ್ರೈವರ್ ಸೀಟಿನಿಂದಲೇ ಆ ಕಡೆ ಬಗ್ಗಿ ಗಾಳಿಗೆ ಕೈಯೊಡ್ಡಿ, "ಬಂತು ಕಾಕಾ" ಎಂದೆ.

ಅವನು ಬಾನೆಟ್ ಮುಚ್ಚಲಿಲ್ಲ. ಬಂದು ಕಾಕಿಯ ಸೀಟಿನಲ್ಲಿ ಕೂತ. ಅವಳ ಹಾಗೆಯೇ ಎರಡೂ ಅಂಗೈ ಒಡ್ಡಿದ. "ಈ ಕಡೆ ನಾ ಒಮ್ಮೆನೂ ಕುಂತಿದ್ದಿಲ್ಲ ನೋಡವ್ವಾ. ಇಷ್ಟ ಬಿಸಿ ಸಾಕಾಗತಿತ್ತೇನ ಆಕಿಗೆ? ನಾ ಕೇಳಲೇ ಇಲ್ಲ" ಎನ್ನುತ್ತಾ ದನಿ ತೆಗೆದು ಅತ್ತ.

"ಸಾಕಾಗತಿತ್ತು ಕಾಕಾ. ಕಾಕಿ ನನ್ನ ಮುಂದ ಹೇಳ್ಯಾಳ" ಎಂದೆ. ಕಾಕಿ ಹಾಗೆ ಹೇಳಿರಲಿಲ್ಲ.

"ಹೇಳಿದ್ದಳೇನ?"

"ಹೂಂ. ಭಾಳ ಸಲ."

ಕಾಕಾ ಮುಖ ಒರೆಸಿಕೊಂಡು ಇಳಿದು ಹೋಗಿ ಬಾನೆಟ್ ಮುಚ್ಚಿದ.