ಗಂಡಿನವರಿಗೆ ಗುಡ್ಡ ತೋರಿಸುತ್ತಿದ್ದ ಕಾಕಾ

ಹಣಮಂತ್ರಾಯ ಕಾಕಾ ಧೋತರದ ಕೆಳಗೆ ಕಪ್ಪು ಬೂಟು ತೊಟ್ಟು ಮನೆಯಿಂದ ಹೊರಬಿದ್ದರೆ, ಯಾರದೋ ಮನೆಗೆ ಕನ್ಯಾ ನೋಡಲು ಬಂದಿದ್ದಾರೆ ಎಂದು ರಂಗಂಪೇಟೆಯ ನಮ್ಮ ಓಣಿಗೆಲ್ಲ ಗೊತ್ತಾಗಿಬಿಡುತ್ತಿತ್ತು. ಬೇರೆ ದಿನ ಅವರ ಕಾಲಿಗೆ ಹವಾಯಿ ಚಪ್ಪಲಿಯೇ ಗತಿ. ಬೂಟು ನೌಕರಿ ಕಾಲದ್ದು. ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಯಾದಗಿರಿ, ಶಹಾಪುರ, ಕಲಬುರಗಿ ಎಂದು ವರ್ಷಗಟ್ಟಲೆ ಕೂಗಿ ಕೂಗಿ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಊಟಕ್ಕೆ ಕೂತು ಅವರು ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, ಉಪ್ಪು ಕೇಳಿದರೆ ನಮ್ಮವ್ವ ನಮ್ಮ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದಳು. ಎರಡೂ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ.

ಕನ್ಯಾ ನೋಡಲು ಬಂದವರಲ್ಲಿ ಗಂಡಸರನ್ನು ಒಂದೆರಡು ತಾಸು ಮನೆಯಿಂದ ಹೊರಗೆ ಕಳಿಸುವುದು ನಮ್ಮ ಓಣಿಯ ರೂಢಿ. ಒಳಗೆ ಹೆಂಗಸರಿಗೆ ಹೆಂಗಸರ ಜೊತೆ ಮಾತಾಡುವುದಿರುತ್ತದೆ, ಹುಡುಗಿಗೆ ಸೀರೆ ಉಡಿಸುವುದಿರುತ್ತದೆ, ಸುಸಲಾಕ್ಕೆಂದು ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಬೀಳಬೇಕಿರುತ್ತದೆ. ಅಷ್ಟು ಹೊತ್ತು ಗಂಡಸರು ಏನು ಮಾಡಬೇಕು? ಊರು ನೋಡಬೇಕು. ಸುರಪುರದಲ್ಲಿ ನೋಡಲು ಏನು ಕಡಿಮೆ! ಅರಸರ ಅರಮನೆ ಇದೆ, ವೇಣುಗೋಪಾಲಸ್ವಾಮಿ ಗುಡಿ ಇದೆ, ಗುಡ್ಡದ ಮೇಲೆ ಆಂಗ್ಲ ಸಾಹೇಬನ ಕಾಲದ ಬಂಗಲೆ ಇದೆ. ಬಂಗಲೆಗೆ ನಾವು ಬರೀ 'ಮಂಜಿಲ್' ಎನ್ನುತ್ತೇವೆ. ಇವನ್ನೆಲ್ಲ ತೋರಿಸಿಕೊಂಡು ಬರುವ ಜವಾಬ್ದಾರಿ ಕಾಕಾನದು. ಯಾರೂ ಅವರಿಗೆ ಅದನ್ನು ವಹಿಸಿದ್ದಿಲ್ಲ, ಅವರೂ ಕೇಳಿ ಪಡೆದದ್ದಲ್ಲ. ಹೆಣ್ಣುಮಕ್ಕಳಿಲ್ಲದ ಮನೆ, ಓಣಿಯ ಹುಡುಗಿಯರೆಲ್ಲ ತಮ್ಮವರೇ ಎಂದು ತಿಳಿದಿದ್ದರು.

ಅವರು ಹೇಳುವ ಇತಿಹಾಸಕ್ಕೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಒಂದೇ ಕಿಂಡಿಯಿಂದ ಒಮ್ಮೆ ಅರಸರು ತೋಪು ಹಾರಿಸುತ್ತಿದ್ದರು, ಇನ್ನೊಮ್ಮೆ ರಾಣಿಯವರು ಚಂದ್ರನನ್ನು ನೋಡುತ್ತಿದ್ದರು. "ಕಾಕಾ, ಹ್ವಾದ ಸಲ ಬ್ಯಾರೆ ಹೇಳಿದ್ರೆಲ್ಲ?" ಎಂದು ಕಾಲೇಜಿಗೆ ಹೋಗುತ್ತಿದ್ದ ನಾನು ಒಮ್ಮೆ ಚುಡಾಯಿಸಿದೆ.

"ಹೋಗ ಹುಚ್ಚಿ," ಎಂದರು. "ಇತಿಹಾಸ ತಗೊಂಡು ಅವರಿಗೇನ ಮಾಡೂದದ? ಅವರು ಗ್ವಾಡಿ ನೋಡ್ತಾರ, ನಾ ಅವರನ್ನ ನೋಡ್ತೀನಿ."

ಅವರ ನಿಜವಾದ ಕೆಲಸ ಅದೇ ಆಗಿತ್ತು. "ಸುಸಲಾದ ತಾಟಿನ ಮುಂದ ಎಲ್ಲಾರೂ ಶಾಣ್ಯಾರಾಗಿ ಕುಂದರ್ತಾರ. ಬಿಸಲಾಗ ಗುಡ್ಡ ಹತ್ತಸ್ರಿ, ಖರೇ ಮನಷ್ಯಾ ಹೊರಗ ಬರ್ತಾನ," ಎನ್ನುತ್ತಿದ್ದರು. ಹುಡುಗ ಏದುಸಿರು ಬಂದಾಗ ಯಾರ ಮೇಲೆ ರೇಗುತ್ತಾನೆ, ನೀರಿನ ಬಾಟಲಿ ಮೊದಲು ಯಾರ ಕೈಗೆ ಕೊಡುತ್ತಾನೆ, ಕಾರಿನ ಡ್ರೈವರನನ್ನು ಏನೆಂದು ಕರೆಯುತ್ತಾನೆ, ಗುಟ್ಕಾ ಚೀಟಿ ಎಲ್ಲಿ ಒಗೆಯುತ್ತಾನೆ, ಎಲ್ಲ ನೋಡುತ್ತಿದ್ದರು. ತಿರುಗಿ ಬಂದ ಮೇಲೆ ತೀರ್ಪು. ಅದೂ ಗಂಡಿನವರ ಎದುರಿಗೇ. ಹುಡುಗ ಪಾಸಾಗಿದ್ದರೆ, "ಚಹಾಕ್ಕ ಸಕ್ರಿ ಜರಾ ಜಾಸ್ತಿ ಹಾಕ್ರಿ" ಎಂದು ಒಳಗೆ ಕೂಗುತ್ತಿದ್ದರು. ನಪಾಸಾಗಿದ್ದರೆ, "ನನಗ ಚಹಾ ಬ್ಯಾಡ್ರಿ, ಹೊಟ್ಟಿ ಸರಿ ಇಲ್ಲ" ಎನ್ನುತ್ತಿದ್ದರು. ಹುಡುಗಿಯ ತಾಯಿ ಅಡುಗೆಮನೆಯಲ್ಲಿ ಬೋಗುಣಿ ಹಿಡಿದು ಕಿವಿಯನ್ನೆಲ್ಲ ಪಡಸಾಲೆಗೆ ಕೊಟ್ಟು ನಿಂತಿರುತ್ತಿದ್ದಳು.

ಒಮ್ಮೆ ಕಲಬುರಗಿ ಕಡೆಯಿಂದ ಒಬ್ಬ ಲೆಕ್ಚರರ್ ಬಂದಿದ್ದ. ಕಾಕಾನ ಇತಿಹಾಸವನ್ನೆಲ್ಲ ಅಲ್ಲಲ್ಲೇ ತಿದ್ದಿದನಂತೆ. ಅದಕ್ಕೆ ಕಾಕಾಗೆ ಸಿಟ್ಟಿರಲಿಲ್ಲ. ಆದರೆ ಮಂಜಿಲ್ ಮುಟ್ಟಿ ತಿರುಗಿ ನೋಡಿದರೆ ಹುಡುಗನ ಅಪ್ಪ ಇಲ್ಲ. ಮುದುಕ ಅರ್ಧ ದಾರಿಯಲ್ಲೇ ಎದೆ ಹಿಡಿದುಕೊಂಡು ಬಂಡೆಯ ಮೇಲೆ ಕೂತಿದ್ದಾನೆ, ಮಗನಿಗೆ ಅದರ ಖಬರೇ ಇಲ್ಲ. ಅವತ್ತು ಕಾಕಾನ ಹೊಟ್ಟೆ ಕೆಟ್ಟಿತು. ಇನ್ನೊಮ್ಮೆ ರಾಮಸಮುದ್ರದಿಂದ ಒಬ್ಬ ಹುಡುಗ ಬಂದ. ಹತ್ತಿ ಇಳಿಯುವ ತನಕ ಬಾಯಿ ಬಿಡಲಿಲ್ಲ. ಅವನ ಸೋದರಮಾವನ ಚಪ್ಪಲಿಯ ಉಂಗುಟ ಕಿತ್ತಾಗ ತನ್ನವನ್ನು ಬಿಚ್ಚಿ ಅವರ ಕಾಲಿಗೆ ಸರಿಸಿ, ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಇಳಿದನಂತೆ. "ಹುಡುಗ ಮೂಕ ಏನೋ ಅನಕೊಂಡಿದ್ದೆ, ದೇವರಂಥಾಂವ ಅದಾನ," ಎಂದು ಕಾಕಾ ಓಣಿಯೆಲ್ಲ ಹೇಳಿಕೊಂಡು ತಿರುಗಿದರು.

ನನ್ನ ಸರದಿಯೂ ಬಂತು. ಹುಡುಗನಿಗೆ ಯಾದಗಿರಿಯಲ್ಲಿ ಸ್ವಂತ ಮೆಡಿಕಲ್ ಅಂಗಡಿ ಇತ್ತು. ಕಾಕಾ ಬೂಟಿಗೆ ಅವತ್ತು ಎರಡು ಸಲ ಪಾಲಿಶ್ ಹಚ್ಚಿದರೆಂದು ಕಾಕು ಆಮೇಲೆ ಹೇಳಿ ನಕ್ಕರು. ಗುಡ್ಡ ಹತ್ತುವಾಗ ಹುಡುಗ ಮೊದಲು ಡ್ರೈವರನಿಗೆ ನೀರು ಕೊಟ್ಟ. ಕಾಕಾನ ಮೊಣಕಾಲು ನೋಯುವುದನ್ನು ಕಂಡು ಕೈ ಹಿಡಿದ. ಜೊತೆಗೆ ಬಂದ ಗೆಳೆಯನೊಬ್ಬ ಕಲ್ಲಿನ ಚೂರಿನಿಂದ ಗೋಡೆಗೆ ತನ್ನ ಹೆಸರು ಕೆತ್ತಲು ಹೋದಾಗ, "ಏ, ಬಿಡಲೇ, ನಿಮ್ಮಪ್ಪನ ಮನಿ ಗ್ವಾಡಿ ಏನದು?" ಎಂದು ಅವನ ಕೈ ಹಿಡಿದು ತಡೆದ. ತಿರುಗಿ ಬಂದ ಕಾಕಾ ಸಕ್ಕರೆ ಜಾಸ್ತಿ ಕೇಳಿದ್ದಷ್ಟೇ ಅಲ್ಲ, ಎರಡು ಕಪ್ಪು ಚಹಾ ಕುಡಿದರು. ಬಾಗಿಲ ಮರೆಯಲ್ಲಿ ನಿಂತು ಅವರು ಬಸಿಯಲ್ಲಿ ಸೊರ್ರೆಂದು ಹೀರುವ ಸದ್ದು ಕೇಳಿ ನಾನು ಹಿಗ್ಗಿದ್ದೆ.

ಬಾಗಿಲು ಮುಚ್ಚಿದ ಮೇಲೆ ನನ್ನ ಗಂಡ ಬೇರೆಯವನಾಗುತ್ತಿದ್ದ. ಇದಕ್ಕಿಂತ ಹೆಚ್ಚು ಬರೆಯಲು ಈಗಲೂ ನಾಚಿಕೆ. ಕಾಣುವ ಜಾಗದಲ್ಲಿ ಗುರುತು ಬೀಳದ ಹಾಗೆ ಹೊಡೆಯುವುದು ಅವನಿಗೆ ಬರುತ್ತಿತ್ತು. ಮರುದಿನ ತನ್ನ ಅಂಗಡಿಯಿಂದ ತಾನೇ ಮುಲಾಮು ತರುತ್ತಿದ್ದ. ಮದುವೆಯಾದ ವರ್ಷ ಕಾಕಾ ನನ್ನನ್ನು ಮಾತಾಡಿಸಲು ಯಾದಗಿರಿಗೆ ಬಂದರು. "ನೀವು ನನಗ ನಿಮ್ಮೂರ ಗುಡ್ಡ ತೋರ್ಸಿದ್ರಿ, ನಾ ನಿಮಗ ನಮ್ಮೂರ ಕ್ವಾಟಿ ತೋರಸ್ತೀನಿ ಬರ್ರಿ" ಎಂದು ಗಂಡ ಅವರನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೋದ. ಕೋಟೆಯ ಮೊದಲ ಬಾಗಿಲಿನ ತನಕ ಕೈ ಹಿಡಿದು ಹತ್ತಿಸಿದ, ದಾರಿಯಲ್ಲಿ ಲಸ್ಸಿ ಕುಡಿಸಿದ. ಅವರು ತಿರುಗಿ ಬರುವ ತನಕ ನಾನು ನೋಯುವ ಬೆನ್ನು ಬಗ್ಗಿಸಿ ಜೋಳದ ರೊಟ್ಟಿ ಬಡಿಯುತ್ತಿದ್ದೆ.

"ನನ್ನ ಹೊಟ್ಟ್ಯಾಗ ಹುಟ್ಟಿದಾಂವ ಸೈತ ನನ್ನ ಹಿಂಗ ಕೈ ಹಿಡದು ನಡಸಿಲ್ಲವ್ವಾ," ಎಂದರು ಕಾಕಾ. "ಆರಾಮ ಅದಿ ಹೌದಿಲ್ಲೊ?"

ಗಂಡ ಬಾಜೂ ನಿಂತು ನಗುತ್ತಿದ್ದ. "ಆರಾಮ ಅದೀನಿ ಕಾಕಾ," ಎಂದೆ.

ಮೂರು ವರ್ಷದ ಮೇಲೆ ಒಂದು ಬ್ಯಾಗು ಹಿಡಿದುಕೊಂಡು ತವರಿಗೆ ಬಂದುಬಿಟ್ಟೆ. ಗಂಡನ ಮನೆ ಬಿಟ್ಟು ಬಂದವಳಿಗೆ ಓಣಿಯೇ ದೊಡ್ಡ ಕೋರ್ಟು. ಕಟ್ಟೆಗೆ ಕೂತವರು ನಾನು ಹಾದುಹೋಗುವ ತನಕ ಮಾತು ನಿಲ್ಲಿಸುತ್ತಿದ್ದರು. ನೀರು ತುಂಬಲೂ ಹೊರಗೆ ಬರಲು ನಾಚಿಕೆಯಾಗುತ್ತಿತ್ತು. ನಾನು ಮಾಡಿದ ತಪ್ಪೇನು ಎಂದು ಕೇಳಿದ್ದರೆ ನನಗೇ ಗೊತ್ತಿರಲಿಲ್ಲ, ಆದರೂ ನಾಚಿಕೆ ಮಾತ್ರ ಹೋಗಲಿಲ್ಲ. ಅವ್ವನ ಸಿಟ್ಟು ಬೇರೆ ದಾರಿ ಹಿಡಿಯಿತು. "ಆ ಮುದಕ ಎರಡ ಕಪ್ಪ ಚಹಾ ಕುಡದು ನನ್ನ ಮಗಳ ಬಾಳೇ ಮುಳಗಿಸಿದ," ಎಂದು ಗೋಡೆಯಾಚೆಗೆ ಕೇಳಲೆಂದೇ ಅನ್ನುತ್ತಿದ್ದಳು.

ಗೋಡೆಯಾಚೆ ಸದ್ದೇ ಅಡಗಿಹೋಗಿತ್ತು. ಬಸ್ ಸ್ಟ್ಯಾಂಡು ತುಂಬುವ ದನಿಯ ಮನುಷ್ಯ ಉಪ್ಪು ಕೇಳುವುದನ್ನೂ ಬಿಟ್ಟರು. ನಮ್ಮ ಬಾಗಿಲ ಮುಂದೆ ಹಾಯಬೇಕಾಗುತ್ತದೆಂದು ಹಿತ್ತಲ ಬಾಗಿಲಿಂದ ಹೋಗಿಬಂದು ಮಾಡತೊಡಗಿದರು. ಓಣಿಯವರೂ ಅವರನ್ನು ಕರೆಯುವುದು ಬಿಟ್ಟರು. ಗಂಡಿನವರು ಬಂದರೆ ತಾವೇ ಮೊಬೈಲು ಹಿಡಿದು ಗುಡ್ಡ ಹತ್ತಿ, ಫೋಟೋ ತೆಗೆದುಕೊಂಡು ಬರುತ್ತಿದ್ದರು.

ಒಂದು ಮಧ್ಯಾಹ್ನ ಅವ್ವ ಸಂತೆಗೆ ಹೋದದ್ದನ್ನು ನೋಡಿಕೊಂಡು ಕಾಕಾ ನಮ್ಮ ಹೊಸ್ತಿಲ ಹೊರಗೆ ಬಂದು ನಿಂತರು. ಬಹಳ ಇಳಿದುಹೋಗಿದ್ದರು.

"ಒಳಗ ಬರ್ರಿ ಕಾಕಾ, ಕುಂದರ್ರಿ."

"ಇಲ್ಲವ್ವಾ, ನಿಂತೇ ಕೇಳ್ತೀನಿ. ಒಂದ ಮಾತು." ದನಿ ಅವರದೇ ಎಂದು ನಂಬುವುದು ಕಷ್ಟವಾಯಿತು. "ಅವತ್ತ ಗುಡ್ಡದ ಮ್ಯಾಲ ನಾ ಏನ ನೋಡದ ಬಿಟ್ನಿ? ದಿನಾ ನೆನಸಾಕತ್ತೇನಿ. ನೀರ ಕೊಟ್ಟಿದ್ದ ನೋಡಿದ್ನಿ, ಡ್ರೈವರನ ಜೋಡಿ ಮಾತಾಡಿದ್ದ ನೋಡಿದ್ನಿ, ಗೆಣ್ಯಾನ ಕೈ ಹಿಡದಿದ್ದ ನೋಡಿದ್ನಿ. ಎಲ್ಲೋ ಕಣ್ಣ ತಪ್ಪ್ಯದ. ಅದೇನಂತ ನಿನಗ ಗೊತ್ತಿರಬೇಕು. ಹೇಳಿಬಿಡವ್ವಾ."

ಪರೀಕ್ಷೆಯಲ್ಲಿ ಫೇಲಾದ ಹುಡುಗ ಮಾಸ್ತರರ ಮುಂದೆ ನಿಂತ ಹಾಗೆ ನಿಂತಿದ್ದರು. ನೋಡಲಾಗಲಿಲ್ಲ. ಅವರ ಎದೆಯ ಭಾರ ಇಳಿಸಬೇಕೆಂದು ನನಗೆ ತೋಚಿದ ಸತ್ಯ ಹೇಳಿದೆ.

"ನಿಮ್ಮದೇನೂ ತಪ್ಪಿಲ್ಲ ಕಾಕಾ. ಅಲ್ಲಿ ನೋಡೂವಂಥದ್ದ ಏನೂ ಇದ್ದಿಲ್ಲ. ನಾಕು ಮಂದಿ ಮುಂದ ಅಂವ ಯಾವತ್ತೂ ಛಲೋನೇ. ನೀವು ಬಾಜೂ ಇದ್ರಿ, ಹಂಗಾಗಿ ಛಲೋ ಇದ್ದ."

ಕಾಕಾ, "ಹಂಗಾದ್ರ ನಾ ಪಾಸ್ ಮಾಡಿದ ಎಲ್ಲಾ ಹುಡುಗೂರ ಬಾಜೂನೂ ನಾ ಇದ್ನಲ್ಲವ್ವಾ," ಎಂದರು.

ಸಮಾಧಾನ ಹೇಳಲು ಹೋಗಿ ನಾನು ಆ ಮನುಷ್ಯನ ಬದುಕಿನ ಒಂದೇ ಒಂದು ಹೆಮ್ಮೆಯನ್ನು ಬುಡಸಮೇತ ಕಿತ್ತಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು, ಹಿತ್ತಲ ಕಡೆಗೆ ಹೋಗದೆ, ನಮ್ಮ ಬಾಗಿಲ ಮುಂದಿನಿಂದಲೇ ನಡೆದುಹೋದರು.

ಮರುದಿನ ಬೂಟು ಮತ್ತೆ ಹೊರಬಂತು. ಆ ವಯಸ್ಸಿನಲ್ಲಿ, ಆ ಮೊಣಕಾಲಲ್ಲಿ, ಕಾಕಾ ಬಸ್ಸು ಹತ್ತಿ ತಾವು ಪಾಸು ಮಾಡಿದ ಹುಡುಗರ ಮನೆಗಳಿಗೆ ಒಂದೊಂದಾಗಿ ಹೋಗತೊಡಗಿದರು. ಕೈಯಲ್ಲಿ ಬಾಳೆಹಣ್ಣು, ಒಂದು ಪುಡಿಕೆ ಖಾರಾ. "ಈ ಕಡೆ ಕೆಲಸಿತ್ತು, ಹಂಗೇ ಬಂದ್ನಿ" ಎಂದು ನೆಪ. ಸಂಜೆ ತಿರುಗಿ ಬಂದು ಹಿತ್ತಲ ಗೋಡೆಗೆ ಆತುಕೊಂಡು ನನ್ನೊಬ್ಬಳಿಗೆ ವರದಿ ಒಪ್ಪಿಸುತ್ತಿದ್ದರು. ಹೋದಲ್ಲೆಲ್ಲ ಓಣಿಯ ಮಗಳನ್ನು ಮಾತಾಡಿಸುವಾಗ ಗಂಡನೋ ಅತ್ತೆಯೋ ಪಕ್ಕದಲ್ಲೇ ಇರುತ್ತಿದ್ದರು. ಎಲ್ಲರೂ ಆರಾಮವಾಗಿರುವುದಾಗಿಯೇ ಹೇಳುತ್ತಿದ್ದರು. ಕಾಕಾ ಅದನ್ನು ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ, ನಾನೂ ತಲೆ ಎತ್ತುತ್ತಿರಲಿಲ್ಲ.

ರಾಮಸಮುದ್ರಕ್ಕೆ ಹೋಗಿಬಂದ ದಿನ ಮಾತ್ರ ಸ್ವಲ್ಪ ನಗು ಇತ್ತು. "ಅಕಿ ಖರೇ ಆರಾಮ ಅದಾಳ. ನನ್ನ ಎದುರಿಗೇ ಗಂಡಗ ಬೈದ್ಲು ನೋಡು, ಹಾಲ ಉಕ್ಕಿಸಿದಿ, ನಿನ್ನ ಕಣ್ಣ ಎಲ್ಲಿದ್ದುವು ಅಂತ! ಅಂವ ಸುಮ್ನ ಅರಿಬಿ ತಗೊಂಡು ಒರಸಾಕತ್ತ. ಇದ ನನಗ ಮೊದಲೇ ತಿಳೀಬೇಕಿತ್ತವ್ವಾ. ಗಂಡನ್ನ ಗುಡ್ಡ ಹತ್ತಿಸಿ ಏನ ಉಪಯೋಗ? ಹೆಣ್ಣಮಗಳು ಬೈಯಾಕ ಅಂಜ್ತಾಳೋ ಇಲ್ಲೋ ನೋಡಬೇಕು."

ಕೊನೆಗೆ ಹೋದದ್ದು ಶಹಾಪುರಕ್ಕೆ, ನಮ್ಮ ಮನೆಯ ಹಿಂದಿನ ಓಣಿಯ ರೇಣುಕಾಳ ಮನೆಗೆ. ಅವತ್ತು ವರದಿ ಬೇಗ ಮುಗಿಯಲಿಲ್ಲ. "ಭಾಳ ಚಂದ ನೋಡಕೊಂಡ್ರು. ಗಂಡ ಗಾಡಿ ಮ್ಯಾಲ ಕುಂದರ್ಸಿಕೊಂಡು ಮಲಗಿದ ಬುದ್ಧನ ಗುಡ್ಡ ತೋರಸಾಕ ಒಯ್ದ. ತಲಿ ಇಲ್ಲಿ ಅದ, ಹೊಟ್ಟಿ ಇಲ್ಲಿ ಅದ ಅಂತ ಒಂದೊಂದ ತೋರ್ಸಿದ. ನಾ ಬುದ್ಧನ್ನ ಎಲ್ಲಿ ನೋಡ್ಲಿ, ಅವನ್ನೇ ನೋಡಕೋತ ನಿಂತೆ. ಏನೂ ಕಾಣಲಿಲ್ಲ. ರೇಣುಕಾನೂ ನಕ್ಕೋತ ಇದ್ಲು. ಯಾರೂ ಯಾರಿಗೂ ಒಂದ ಎದುರ ಮಾತಾಡಲಿಲ್ಲ." ಬೂಟಿನ ಧೂಳು ಒರೆಸುತ್ತ, "ನನಗ ಏನೂ ತಿಳೀವಲ್ದವ್ವಾ," ಎಂದರು. ಅದೇ ನಾನು ಅವರನ್ನು ಕೊನೆಯ ಸಲ ಮಾತಾಡಿಸಿದ್ದು. ಮರುವಾರ ಎದೆನೋವೆಂದು ದವಾಖಾನೆಗೆ ಒಯ್ದರು, ತಿರುಗಿ ಬರಲಿಲ್ಲ.

ಕಾಕುನನ್ನು ಮಾತಾಡಿಸಲು ಜನ ಬಂದರು. ಕಾಕಾ ಸಕ್ಕರೆ ಜಾಸ್ತಿ ಕೇಳಿ ಕಳಿಸಿಕೊಟ್ಟ ಹೆಣ್ಣುಮಕ್ಕಳೂ ಗಂಡಂದಿರ ಜೊತೆ ಬಂದರು. ನಮ್ಮವ್ವ ಎಲ್ಲರಿಗಿಂತ ಜೋರಾಗಿ ಅತ್ತಳು. ಗಂಡಸರು ಪಡಸಾಲೆಯಲ್ಲಿ ಕೂತಿದ್ದರು. ರೇಣುಕಾಳ ಗಂಡ, ಹಿರಿಯರೆಂದರೆ ಹೀಗಿರಬೇಕು ಎಂದು ಕಾಕಾನ ಗುಣಗಾನ ಮಾಡುತ್ತಿದ್ದ. ನಾನು ಹಿತ್ತಲಲ್ಲಿ ಚಹಾದ ಕಪ್ಪು ತೊಳೆಯುತ್ತಿದ್ದೆ. ರೇಣುಕಾ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕಪ್ಪು ಎತ್ತಿಕೊಂಡಳು. ಬಹಳ ಹೊತ್ತು ಅದನ್ನೇ ತೊಳೆದಳು.

"ಅಕ್ಕಾ," ಎಂದಳು, ನನ್ನ ಕಡೆ ನೋಡದೆ. "ನೀ ಮನಿ ಬಿಟ್ಟು ಬರೂ ಮೊದಲ ಯಾರಿಗೆ ಹೇಳಿದ್ದಿ?"

ಇದನ್ನು ಕೇಳಲು ಕಾಕಾ ಇಲ್ಲವಲ್ಲ, ಒಳ್ಳೆಯದೇ ಆಯಿತು. ನನ್ನ ತಲೆಯಲ್ಲಿ ಮೊದಲು ಹಾದುಹೋದದ್ದು ಇದು. ಪಕ್ಕದಲ್ಲಿ ಒಬ್ಬ ಹುಡುಗಿ ಜೀವ ಹಿಡಿದುಕೊಂಡು ಕೂತಿದ್ದಾಳೆ, ನನಗೆ ತೀರಿಹೋದವರ ಮರ್ಯಾದೆಯ ಚಿಂತೆ. ನಾಚಿಕೆಯಿಂದ ಮುಖ ಬಿಸಿಯಾಯಿತು. ಕಾಕಾ ಆ ಪ್ರಶ್ನೆ ಹುಡುಕಿಕೊಂಡು ನೋಯುವ ಕಾಲಲ್ಲಿ ಬಸ್ಸು ಹತ್ತಿದ್ದರು. ಇದ್ದಿದ್ದರೆ ಈಗ ಅವಳ ಮುಂದೆ ಕೂತು ಕೇಳುತ್ತಿದ್ದರು.

"ಯಾರಿಗೂ ಹೇಳಿದ್ದಿಲ್ಲ," ಎಂದೆ. "ನೀ ನನಗ ಹೇಳು."

ಅವಳ ಗಂಡ ಪಡಸಾಲೆಯಿಂದ, "ರೇಣುಕಾ, ಬಸ್ಸಿನ ಹೊತ್ತಾತು," ಎಂದು ಬಹಳ ಮೆತ್ತಗಿನ ದನಿಯಲ್ಲಿ ಕರೆದ. ಅವಳು ತೊಳೆದ ಕಪ್ಪನ್ನೇ ಮತ್ತೆ ನೀರಿಗೆ ಅದ್ದಿದಳು. ನಾನು ಎದ್ದು ಮನೆಯೊಳಗಿಂದ ಹಿತ್ತಲಿಗೆ ಬರುವ ಬಾಗಿಲು ಮುಂದಕ್ಕೆಳೆದು, ಚಿಲಕ ಹಾಕಿ, ಬಂದು ಅವಳ ಎದುರಿಗೆ ಕೂತೆ.