ಬೂದಿಯಲ್ಲಿದ್ದ ಹೀರೆ ಬೀಜ

ಅಂಗಳ ಗುಡಿಸಿ, ರಾಗಿ ಹಿಟ್ಟು ಜರಡಿ ಹಿಡಿದು, ಸಿಪ್ಪೆಯ ಬಕೆಟ್ಟನ್ನು ಗೇಟಿಗೆ ತಂದಾಗ ಪುಟ್ಟಮ್ಮ ಬುಟ್ಟಿ ಇಳಿಸುತ್ತಿದ್ದರು. ಹನಗೋಡಿನಿಂದ ಬಸ್ಸಿನಲ್ಲಿ ಹುಣಸೂರಿಗೆ ತರಕಾರಿ ತರುವ ಅವರು, ನಮ್ಮ ಸಿಪ್ಪೆಯನ್ನು ಗೊಬ್ಬರಕ್ಕೆ ಒಯ್ಯುತ್ತಾರೆ. ಅಂದು ಮೊಳದುದ್ದದ ಹೀರೆಕಾಯಿಯನ್ನೂ ಬೀಜದ ಪೊಟ್ಟಣವನ್ನೂ ಕೈಗಿಟ್ಟರು.

“ಬೂದಿ ಬಳ್ದಿರೋ ಬೀಜನ ಗೊಬ್ರಕ್ಕೆ ಆಕ್ಬುಡೋದೇನವ್ವಾ? ಒಳ್ಳೆ ಟೌನ್‌ನೋರು ಕಣ್ರವ್ವಾ ನೀವು! ಒಂದೊಂದೇ ಆಯ್ದು ನೆಟ್ಟುಬುಟ್ಟೆ.”

ಕಾಯಿ ಹಿಡಿದು ಒಳಗೆ ಅತ್ತೆಯ ಬಳಿಗೆ ಓಡಿದೆ. ಅತ್ತೆ ತವರಿನಿಂದ ತಂದು ವರ್ಷವರ್ಷವೂ ಹುಳ ಹಿಡಿಯದಂತೆ ಬೂದಿ ಬೆರೆಸಿ ಉಳಿಸಿಕೊಂಡಿದ್ದ ಬೀಜ ಅದು. ಐದು ತಿಂಗಳ ಹಿಂದೆ ಬರೀ ಬೂದಿಯೆಂದು ನಾನೇ ಬಕೆಟ್ಟಿಗೆ ಸುರಿದಿದ್ದೆ. ತಿಳಿಯುವಷ್ಟರಲ್ಲಿ ವಾರ ಕಳೆದಿತ್ತು. ಅತ್ತೆ ಬಯ್ದಿರಲಿಲ್ಲ, ಹೀರೆಕಾಯಿ ತಿನ್ನುವುದನ್ನೇ ಬಿಟ್ಟಿದ್ದರು.

ಈಗ ತೊಟ್ಟು ಮೂಸಿ, “ನಮ್ಮವ್ವನ ಇತ್ತಲದ್ದೇ ಕಣೇ” ಅಂದರು.

ಅಂದು ಮುದ್ದೆ, ಹೀರೆಕಾಯಿ ಸಾರು. ಅತ್ತೆ ಎರಡನೇ ಮುದ್ದೆ ಕೇಳಿ ಉಂಡು, ಎಲ್ಲರಿಗಿಂತ ಮೊದಲು ಮಲಗಿದರು.